ಕೆಂಪು ಸೀಗಡಿಗಳು ಸತ್ತದ್ದೇಕೆ?

ಮಕ್ಕಳೇ, ಸೀಗಡಿಯನ್ನು ನೀವು ನೋಡಿರಬಹುದು. ಕರಾವಳಿಯವರಾದರೆ ಮೀನು ಮಾರುಕಟ್ಟೆಯಲ್ಲಿ ರಾಶಿ ರಾಶಿ ಕಂಡಿರುತ್ತೀರಿ. ಒಳನಾಡಿನವರಾದರೆ ಕೆರೆಯ ನೀರು ಇಳಿದಾಗ ಬಲೆಗೆ ಸಿಕ್ಕ ಚಿಕ್ಕ ಚಿಕ್ಕ ಸೀಗಡಿಗಳನ್ನು ಕಂಡಿರುತ್ತೀರಿ. ಆದರೆ ಸೀಗಡಿಯನ್ನು ಗಾಜಿನ ತೊಟ್ಟಿಯಲ್ಲಿಟ್ಟು ಮೀನಿನಂತೆ ಸಾಕುತ್ತಾರೆ ಎಂಬುದು ನಿಮಗೆ ಗೊತ್ತೇ?

ಹೀಗೆ ಸಾಕುವ ಸೀಗಡಿಗಳಲ್ಲಿ ಬಹಳ ಹೆಸರಾದದ್ದು ಚೆರ್ರಿ ಸೀಗಡಿ. ಇದರ ವೈಜ್ಞಾನಿಕ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಚೀನಾ, ತೈವಾನ್ ಕಡೆಯ ಸಿಹಿನೀರಿನ ತೊರೆಗಳು ಇದರ ತವರು. ಅಲ್ಲಿ ಇದರ ಬಣ್ಣ ಮಣ್ಣಿನಂತೆ ಮಂಕು ಕಂದು. ಸಾಕುವವರು ಸ್ವಲ್ಪ ಕೆಂಪಗಿರುವ ಸೀಗಡಿಗಳನ್ನು ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ ಈಗಿನ ಹಣ್ಣುಗೆಂಪು ಬಣ್ಣ ಬಂದಿದೆ. ಉದ್ದ ಎರಡರಿಂದ ಮೂರು ಸೆಂಟಿಮೀಟರ್ ಮಾತ್ರ. ಆಯಸ್ಸು ಒಂದರಿಂದ ಎರಡು ವರ್ಷ. ಗಾಜಿನ ಮೇಲಿನ, ಎಲೆಗಳ ಮೇಲಿನ ಪಾಚಿಯನ್ನು ಪುಟ್ಟ ಚಿಮಟಗಳಂಥ ಕಾಲುಗಳಿಂದ ಕೆರೆದು ತಿನ್ನುತ್ತಾ ದಿನವಿಡೀ ಕೆಲಸ ಮಾಡುವ ಜೀವಿ ಇದು. ಹೆಣ್ಣು ಸೀಗಡಿ ಹೊಟ್ಟೆಯ ಅಡಿಯಲ್ಲಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊತ್ತುಕೊಂಡು ಕಾಲುಗಳಿಂದ ಗಾಳಿ ಹಾಕುತ್ತಾ ಮೂರು ನಾಲ್ಕು ವಾರ ಕಾಯುವುದನ್ನು ನೋಡಲು ಎರಡು ಕಣ್ಣು ಸಾಲದು.

ಇಷ್ಟು ಚೆಂದದ ಪ್ರಾಣಿಯನ್ನು ಸಾಕುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಒಂದು ಬೆಳಗ್ಗೆ ಎದ್ದು ನೋಡಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಕೆಲವು ಸತ್ತು ಬಿದ್ದಿರಬಹುದು. ಆಗ ಏನು ಮಾಡಬೇಕು? ಯಾರನ್ನು ಬೈಯಬೇಕು? ಈ ಪ್ರಶ್ನೆ ನಾನು ಭೇಟಿ ಕೊಡುವ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2023ರಲ್ಲಿ ಎದ್ದಿತು. ಅಲ್ಲಿಯ ಮಕ್ಕಳು ಅದಕ್ಕೆ ಉತ್ತರ ಹುಡುಕಿದ ರೀತಿಯನ್ನು ನಿಮಗೆ ಹೇಳಬೇಕೆನಿಸಿದೆ.

ಸಾಯದೇ ಸತ್ತ ಸೀಗಡಿ

ಆ ಶಾಲೆಯ ಏಳನೇ ತರಗತಿಯಲ್ಲಿ ನಲವತ್ತು ಲೀಟರ್ ಹಿಡಿಸುವ ಗಾಜಿನ ತೊಟ್ಟಿ ಇತ್ತು. ಅಡಿಯಲ್ಲಿ ಮರಳು, ತುಂಬ ನೀರುಗಿಡಗಳು, ಗುಳ್ಳೆ ಬಿಡುವ ಒಂದು ಗಾಳಿ ಪಂಪು. ಅದರಲ್ಲಿ 20 ಚೆರ್ರಿ ಸೀಗಡಿಗಳು. ಪಕ್ಕದಲ್ಲಿ ದಾರ ಕಟ್ಟಿದ ಒಂದು ನೋಟ್ ಪುಸ್ತಕ. ದಿನವೂ ಊಟದ ಬಿಡುವಿನಲ್ಲಿ ಒಬ್ಬರು ನೀರಿನ ಉಷ್ಣತೆ ಅಳೆದು, ಕಂಡಷ್ಟು ಸೀಗಡಿಗಳನ್ನು ಎಣಿಸಿ, ಹಾಕಿದ ಆಹಾರವನ್ನು ಬರೆಯಬೇಕು. ವಾರಕ್ಕೊಬ್ಬರ ಸರದಿ.

ಮೊದಲ ತಿಂಗಳಲ್ಲೇ ಒಂದು ದಿನ ಕೂಗಾಟವಾಯಿತು. ಮರಳಿನ ಮೇಲೆ ಒಂದು ಸೀಗಡಿ ಅಲುಗಾಡದೆ ಬಿದ್ದಿದೆ! ಮೀಸೆ, ಕಾಲು, ಬಾಲ ಎಲ್ಲವೂ ಇವೆ. ಮಕ್ಕಳು ಅದನ್ನು ಚಮಚದಲ್ಲಿ ತೆಗೆದು, ಬೇಲಿಯ ಪಕ್ಕ ಗುಂಡಿ ತೋಡಿ, ಮೇಲೊಂದು ಕಣಗಿಲೆ ಹೂ ಇಟ್ಟರು. ಮಧ್ಯಾಹ್ನ ಎಣಿಸಿದವರು ಬೆಪ್ಪಾದರು. ತೊಟ್ಟಿಯಲ್ಲಿ 20 ಸೀಗಡಿಗಳಿವೆ! ಇಪ್ಪತ್ತರಲ್ಲಿ ಒಂದು ಕಳೆದರೆ ಇಪ್ಪತ್ತು ಉಳಿಯುವ ಲೆಕ್ಕ ಯಾವುದು?

ನಿಮಗೆ ಹೊಳೆಯಿತೇ? ಅವರು ಹೂತದ್ದು ಸೀಗಡಿಯನ್ನಲ್ಲ, ಅದರ ಅಂಗಿಯನ್ನು. ಸೀಗಡಿಗೆ ನಮ್ಮಂತೆ ದೇಹದ ಒಳಗೆ ಮೂಳೆ ಇಲ್ಲ. ಹೊರಗೆ ಕೈಟಿನ್ ಎಂಬ ವಸ್ತುವಿನ ಗಟ್ಟಿ ಕವಚವಿದೆ. ಕವಚ ಬೆಳೆಯುವುದಿಲ್ಲ, ಒಳಗಿನ ದೇಹ ಬೆಳೆಯುತ್ತದೆ. ಆದ್ದರಿಂದ ಹಾವು ಪೊರೆ ಬಿಡುವಂತೆ ಸೀಗಡಿಯೂ ಆಗಾಗ ಕವಚ ಕಳಚಿ ಹೊರಬರುತ್ತದೆ. ಬೆಳೆದ ಸೀಗಡಿ ಸುಮಾರು ತಿಂಗಳಿಗೊಮ್ಮೆ, ಮರಿಗಳು ಇನ್ನೂ ಬೇಗ ಬೇಗ ಕವಚ ಬದಲಿಸುತ್ತವೆ. ಖಾಲಿ ಕವಚ ಗಾಜಿನಂತೆ ಪಾರದರ್ಶಕವಾಗಿ, ಹಗುರವಾಗಿ ಇರುತ್ತದೆ. ಸತ್ತ ಸೀಗಡಿಯ ಒಳಗಿನ ಮಾಂಸ ಬೆಳ್ಳಗೆ ಅಥವಾ ನಸುಗೆಂಪಾಗಿ ಮಬ್ಬುಗಟ್ಟುತ್ತದೆ. ಆದುದರಿಂದ ಮೊದಲ ಪಾಠ ಇದು: ಅಳುವ ಮೊದಲು ಎಣಿಸಿ.

ಕವಚ ಕಳಚುವ ಹೊತ್ತು ಸೀಗಡಿಗೆ ಬಹಳ ಅಪಾಯದ್ದು. ಹೊಸ ಕವಚ ಮೆತ್ತಗಿರುವಾಗ ಅದು ಗಿಡಗಳ ನಡುವೆ ಅಡಗಿ ಕೂರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ, ಅಥವಾ ಒಮ್ಮೆಲೇ ಬಹಳಷ್ಟು ನೀರು ಬದಲಿಸಿದರೆ, ಕಳಚುವ ಕೆಲಸ ಅರ್ಧಕ್ಕೇ ನಿಲ್ಲಬಹುದು. ಆಗ ತಲೆ ಮತ್ತು ಹೊಟ್ಟೆಯ ನಡುವೆ ಬಿಳಿ ಉಂಗುರದಂಥ ಗೆರೆ ಕಾಣುತ್ತದೆ. ಇಂಥ ಸೀಗಡಿ ಬದುಕುವುದು ಅಪರೂಪ. ಕಳಚಿದ ಕವಚವನ್ನು ತೊಟ್ಟಿಯಿಂದ ತೆಗೆಯಬಾರದು. ಸೀಗಡಿಗಳೇ ಅದನ್ನು ತಿಂದು ಅದರಲ್ಲಿರುವ ಕ್ಯಾಲ್ಸಿಯಂ ಮರಳಿ ಪಡೆಯುತ್ತವೆ.

ಆ ಸೋಮವಾರ

ಮಾರ್ಚ್ ಕೊನೆಯ ಒಂದು ಸೋಮವಾರ ನಾನು ಶಾಲೆಗೆ ಹೋದಾಗ ತರಗತಿ ಮೌನವಾಗಿತ್ತು. ಆರು ಸೀಗಡಿಗಳು ಮರಳಿನ ಮೇಲೆ ಬಿದ್ದಿದ್ದವು. ಈ ಬಾರಿ ಅವು ಕವಚಗಳಾಗಿರಲಿಲ್ಲ. ಎಣಿಸಿದರು. 14 ಉಳಿದಿದ್ದವು.

ಆ ವಾರದ ಸರದಿಯ ಹುಡುಗಿ ಮೂಲೆಯ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಬೇರೆಯವರು ಪಿಸುಗುಟ್ಟುತ್ತಿದ್ದರು, "ಅವಳ ಕೈಗುಣ ಸರಿಯಿಲ್ಲ ಸಾರ್. ಅವಳು ನೆಟ್ಟ ಗುಲಾಬಿ ಗಿಡವೂ ಒಣಗಿತ್ತು."

"ಸಾರ್, ನಾನು ದಿನಾ ಹಾಕೋ ಅಷ್ಟೇ ಹಾಕಿದ್ದು ಸಾರ್," ಎಂದಳು ಅವಳು. ಗಂಟಲು ಕಟ್ಟಿತ್ತು.

ಮಕ್ಕಳೇ, ಸ್ವಲ್ಪ ಯೋಚಿಸಿ. ಹಸು ಹಾಲು ಕಡಿಮೆ ಕೊಟ್ಟರೆ, ಸಸಿ ಒಣಗಿದರೆ, ಕೋಳಿಮರಿ ಸತ್ತರೆ "ಇಂಥವರ ಕಣ್ಣು ಬಿತ್ತು", "ಇವರ ಕೈಗುಣ ಹೀಗೆ" ಎನ್ನುವುದನ್ನು ನೀವೂ ಕೇಳಿರುತ್ತೀರಿ. ಹಾಗೆ ಹೇಳಿದ ಕೂಡಲೇ ಎರಡು ಅನ್ಯಾಯಗಳಾಗುತ್ತವೆ. ಏನೂ ಮಾಡದ ಒಬ್ಬರು ನೋಯುತ್ತಾರೆ. ನಿಜವಾದ ಕಾರಣ ಇದ್ದಲ್ಲೇ ಉಳಿದು, ಬದುಕಿರುವ ಪ್ರಾಣಿಗಳನ್ನೂ ಕೊಲ್ಲುತ್ತದೆ. ಆದ್ದರಿಂದ ನಾನು ಆ ಹುಡುಗಿಗೆ, "ಪುಟ್ಟಿ, ಅಳಬೇಡ. ನಿನ್ನ ನೋಟ್ ಪುಸ್ತಕ ತಾ. ಎಲ್ಲರೂ ಸೇರಿ ಓದೋಣ," ಎಂದೆ.

ಯಾರ ಮೇಲೆ ಸಂಶಯ?

ಮೊದಲು ಕರಿಹಲಗೆಯ ಮೇಲೆ ಸೀಗಡಿಯನ್ನು ಕೊಲ್ಲಬಲ್ಲ ಕಾರಣಗಳನ್ನು ಬರೆದೆವು. ನೀವೂ ಅವನ್ನು ತಿಳಿದಿರಿ.

ಒಂದನೆಯದು ಅಮೋನಿಯಾ. ಸೀಗಡಿಯ ಮಲ, ಕೊಳೆತ ಆಹಾರ, ಕೊಳೆತ ಎಲೆಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಮರಳಿನಲ್ಲಿ ನೆಲೆಸುವ ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟಿನ ಅಪಾಯ ಬಹಳ ಕಡಿಮೆ, ಗಿಡಗಳು ಅದನ್ನು ಹೀರಿಕೊಳ್ಳುತ್ತವೆ. ಮಣ್ಣಿನಲ್ಲಿಯೂ ಹೀಗೇ ನಡೆಯುತ್ತದೆ. ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ತೊಟ್ಟಿಗೆ ನೀರು ತುಂಬಿದ ದಿನವೇ ಸೀಗಡಿ ಬಿಡಬಾರದು.

ಎರಡನೆಯದು ಕ್ಲೋರಿನ್. ನಲ್ಲಿಯ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಅಥವಾ ಬ್ಲೀಚಿಂಗ್ ಪುಡಿ ಸೇರಿಸುತ್ತಾರೆ. ಅದು ನಮಗೆ ರಕ್ಷಣೆ, ಸೀಗಡಿಯ ಕಿವಿರುಗಳಿಗೆ ಉರಿ. ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಗಾಳಿಗೆ ಹೋಗುತ್ತದೆ.

ಮೂರನೆಯದು ತಾಮ್ರ. ಇದೊಂದು ವಿಚಿತ್ರ ಕಥೆ. ನಮ್ಮ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಅದಕ್ಕೇ ರಕ್ತ ಕೆಂಪು. ಸೀಗಡಿಯ ರಕ್ತದಲ್ಲಿ ಅದೇ ಕೆಲಸ ಮಾಡುವ ಹಿಮೋಸಯನಿನ್‌ನಲ್ಲಿ ತಾಮ್ರವಿದೆ. ಆಮ್ಲಜನಕ ಸೇರಿದಾಗ ಅದು ನಸುನೀಲಿಯಾಗುತ್ತದೆ. ತಾಮ್ರವಿಲ್ಲದೆ ಸೀಗಡಿ ಉಸಿರಾಡಲಾರದು. ಆದರೆ ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪ ಹೆಚ್ಚಾದರೂ ಅದು ಸಾಯುತ್ತದೆ! ಊಟಕ್ಕೆ ಬೇಕಾದ ಉಪ್ಪು ಹಿಡಿಗಟ್ಟಲೆ ಆದರೆ ಊಟ ಕೆಡುವುದಿಲ್ಲವೇ? ಹಾಗೆ. ನಮ್ಮ ಮನೆಗಳಲ್ಲಿ ತಾಮ್ರದ ಹಂಡೆ, ಬಿಂದಿಗೆಗಳಲ್ಲಿ ನೀರು ತುಂಬಿಡುತ್ತಾರಲ್ಲ, ಆ ನೀರನ್ನು ಸೀಗಡಿ ತೊಟ್ಟಿಗೆ ಸುರಿಯಬಾರದು. ಮೀನಿನ ರೋಗಕ್ಕೆ ಮಾರುವ ಕೆಲವು ಔಷಧಿಗಳಲ್ಲಿಯೂ ತಾಮ್ರವಿರುತ್ತದೆ.

ನಾಲ್ಕನೆಯದು ಕೀಟನಾಶಕ. ಸೀಗಡಿ, ಏಡಿ, ಸೊಳ್ಳೆ, ಜಿರಲೆ ಎಲ್ಲವೂ ಸಂಧಿಪದಿಗಳು, ಅಂದರೆ ದೂರದ ಬಂಧುಗಳು. ಸೊಳ್ಳೆಯ ನರಗಳನ್ನು ಕೆಡಿಸುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳು ಸೀಗಡಿಯ ನರಗಳನ್ನೂ ಕೆಡಿಸುತ್ತವೆ. ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇಗಳಲ್ಲಿ ಇರುವುದು ಸಾಮಾನ್ಯವಾಗಿ ಇವೇ. ಅಂಗಡಿಯಿಂದ ತಂದ ನೀರುಗಿಡಗಳಿಗೆ ಔಷಧಿ ಹೊಡೆದಿದ್ದರೂ ಅಪಾಯವೇ.

ಐದನೆಯದು ಬಿಸಿ ಮತ್ತು ಆಮ್ಲಜನಕದ ಕೊರತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಆದರೆ ಬಿಸಿಯಲ್ಲಿ ಸೀಗಡಿಯ ದೇಹ ಹೆಚ್ಚು ಚುರುಕಾಗಿ ಕೆಲಸ ಮಾಡುವುದರಿಂದ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚು. ಆದಾಯ ಇಳಿದು ಖರ್ಚು ಏರಿದಂತೆ! ಇನ್ನೊಂದು ವಿಷಯ. ಹಗಲಿನಲ್ಲಿ ಆಮ್ಲಜನಕ ಕೊಡುವ ನೀರುಗಿಡಗಳು ರಾತ್ರಿ ತಾವೂ ಅದನ್ನು ಬಳಸುತ್ತವೆ. ಆದ್ದರಿಂದ ಗಿಡ ತುಂಬಿದ ತೊಟ್ಟಿಯಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಬೆಳಕು ಹರಿಯುವ ಮುಂಚೆ.

ನೋಟ್ ಪುಸ್ತಕದ ಸಾಕ್ಷಿ

ಈಗ ಒಂದೊಂದಾಗಿ ಹೊಡೆದುಹಾಕತೊಡಗಿದೆವು. ತೊಟ್ಟಿ ಎರಡು ತಿಂಗಳು ಹಳೆಯದು, ತಿನ್ನದೆ ಉಳಿದ ಆಹಾರ ಎಲ್ಲೂ ಇರಲಿಲ್ಲ. ಹುಡುಗಿ ಹಾಕಿದ್ದು ದಿನವೂ ಒಂದೇ ಒಂದು ಚಿಟಿಕೆ ಎಂದು ದಿನಾಂಕ ಸಮೇತ ಬರೆದಿತ್ತು. ಅಮೋನಿಯಾ ಇರಲಾರದು. ಎಂಟು ದಿನಗಳಿಂದ ಹೊಸ ನೀರು ಹಾಕಿರಲಿಲ್ಲ. ಕ್ಲೋರಿನ್ ಮತ್ತು ತಾಮ್ರ ಬರಲು ದಾರಿಯಿಲ್ಲ. ಸೊಳ್ಳೆ ಬತ್ತಿಯನ್ನು ಶಾಲೆಯಲ್ಲಿ ಯಾರೂ ಹಚ್ಚುವುದಿಲ್ಲ.

ಉಳಿದದ್ದು ಬಿಸಿ. ಹುಡುಗಿ ತನ್ನ ಕೈಯಿಂದ ಬರೆದಿದ್ದ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಸೋಮವಾರ 27, ಮಂಗಳವಾರ 27, ಬುಧವಾರ 27, ಗುರುವಾರ 28, ಶುಕ್ರವಾರ 30, ಶನಿವಾರ 30 ಡಿಗ್ರಿ. ಓದುತ್ತಾ ಓದುತ್ತಾ ಅವಳ ದನಿ ಬದಲಾಯಿತು. "ಸಾರ್, ಗುರುವಾರದಿಂದ ಏರಿದೆ!"

ಗುರುವಾರ ಏನಾಯಿತು? ಹಿಂದಿನ ಬೆಂಚಿನ ಹುಡುಗನೊಬ್ಬ ಕಿಟಕಿಯ ಹೊರಗೆ ಕೈ ತೋರಿಸಿದ. ಶೀಟಿನ ಮಾಡಿನ ಆ ಕೊಠಡಿಯ ಮೇಲೆ ನೆರಳು ಚೆಲ್ಲುತ್ತಿದ್ದ ಹೊಂಗೆ ಮರದ ಕೊಂಬೆಗಳನ್ನು, ವಿದ್ಯುತ್ ತಂತಿಗೆ ತಗಲುತ್ತವೆ ಎಂದು, ಗುರುವಾರ ಬೆಳಗ್ಗೆ ಕಡಿದಿದ್ದರು. ಶಾಲೆಯ ಪಕ್ಕದ ಮನೆಯ ಹುಡುಗಿ ಇನ್ನೊಂದು ಸುದ್ದಿ ಸೇರಿಸಿದಳು. ಭಾನುವಾರ ಮಧ್ಯಾಹ್ನ ಹೋದ ಕರೆಂಟು ಸೋಮವಾರ ಬೆಳಗ್ಗೆ ಬಂದಿತ್ತು. ಅಂದರೆ ರಾತ್ರಿಯಿಡೀ ಗಾಳಿ ಪಂಪು ನಿಂತಿತ್ತು. ಮತ್ತೊಬ್ಬನಿಗೆ ನೆನಪಾಯಿತು: ಬೆಳಗ್ಗೆ ಬದುಕಿದ್ದ ಸೀಗಡಿಗಳೆಲ್ಲ ನೀರಿನ ಮೇಲ್ಭಾಗದ ಎಲೆಗಳನ್ನು ಹಿಡಿದುಕೊಂಡಿದ್ದವು! ಗಾಳಿಗೆ ತಾಗಿರುವ ಮೇಲ್ಪದರದಲ್ಲಿ ಆಮ್ಲಜನಕ ಹೆಚ್ಚಲ್ಲವೇ?

ಆದರೂ ಇದು ಊಹೆ. ಊಹೆಯನ್ನು ಪರೀಕ್ಷಿಸಬೇಕು. ಬದುಕಿದ್ದ 14 ಸೀಗಡಿಗಳನ್ನು ಅದೇ ನೀರಿನ ಸಮೇತ ಒಂದು ಟಬ್ಬಿಗೆ ಹಾಕಿ ಮುಖ್ಯೋಪಾಧ್ಯಾಯರ ತಂಪು ಕೊಠಡಿಗೆ ಒಯ್ದೆವು. ತೊಟ್ಟಿಯ ಜಾಗದಲ್ಲಿ ಇನ್ನೊಂದು ಟಬ್ಬಿನಲ್ಲಿ 40 ಲೀಟರ್ ಬರೀ ನೀರು ತುಂಬಿಟ್ಟೆವು. ಮರುದಿನ ಆ ತರಗತಿ ಮರದಡಿಯಲ್ಲಿ ನಡೆಯಿತು. ಭಾನುವಾರದಂತೆಯೇ ಕೊಠಡಿಯ ಬಾಗಿಲು ಕಿಟಕಿ ಮುಚ್ಚಿದ್ದವು. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆಗೆದು ಉಷ್ಣತಾಮಾಪಕ ಅದ್ದಿದರು. 33 ಡಿಗ್ರಿ! ಚೆರ್ರಿ ಸೀಗಡಿಗೆ 30 ದಾಟಿದರೇ ಕಷ್ಟ.

ಇಷ್ಟರಿಂದ ನೂರಕ್ಕೆ ನೂರು ಇದೇ ಕಾರಣ ಎಂದು ಹೇಳಲಾಗದು. ಭಾನುವಾರ ಯಾರೂ ತೊಟ್ಟಿಯ ಮುಂದೆ ಇರಲಿಲ್ಲವಲ್ಲ. ಆದರೆ ಸಾಕ್ಷಿಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಆ ಬೆರಳು ಯಾವ ಹುಡುಗಿಯ ಕಡೆಗೂ ಇರಲಿಲ್ಲ. ಕೈಗುಣ ಎಂದಿದ್ದವನು ಎದ್ದು ನಿಂತು ಅವಳಿಗೆ, "ನೀನು ಬರೆದಿಟ್ಟಿದ್ದಕ್ಕೇ ಗೊತ್ತಾಯ್ತು," ಎಂದ.

ಮುಂದೆ ಮಾಡಿದ್ದು

ತೊಟ್ಟಿಯನ್ನು ಹಂಚಿನ ಮಾಡಿನ ಕೊಠಡಿಗೆ ಸಾಗಿಸಿದರು. ಬಿಸಿಲು ಹೆಚ್ಚಿದಾಗ ತೊಟ್ಟಿಯ ಸುತ್ತ ಒದ್ದೆ ಬಟ್ಟೆ ಕಟ್ಟಿದರು. ಮಡಕೆಯ ನೀರು ತಂಪಾಗುವುದು ಹೇಗೆ ಎಂದು ಓದಿದ್ದೀರಲ್ಲ, ಅದೇ ತತ್ತ್ವ. ಕರೆಂಟು ಹೋದಾಗ ತೊಟ್ಟಿಯ ನೀರನ್ನೇ ಲೋಟದಲ್ಲಿ ತೆಗೆದು ಒಂದಡಿ ಮೇಲಿನಿಂದ ಮೆಲ್ಲಗೆ ಸುರಿಯುತ್ತಿದ್ದರು. ಸುರಿಯುವಾಗ ಗಾಳಿ ನೀರಿನಲ್ಲಿ ಬೆರೆಯುತ್ತದೆ. ಗಿಡಗಳನ್ನು ಅರ್ಧ ತೆಗೆದರು. ಆ ಬೇಸಿಗೆಯಲ್ಲಿ ಮತ್ತೆ ಸೀಗಡಿಗಳು ಸಾಯಲಿಲ್ಲ.

ಇದು ಒಂದು ತೊಟ್ಟಿಯ ಮಾತಷ್ಟೇ ಅಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಬೇಸಿಗೆಯ ಬಿಸಿ, ಕೊಳಚೆ ಸೇರಿದ ನೀರು, ಅದರಿಂದ ಕಡಿಮೆಯಾದ ಆಮ್ಲಜನಕ ಕಾರಣವೆಂದು ಆಗ ಹೇಳಲಾಯಿತು. ತೊಟ್ಟಿಯನ್ನು ಓದಲು ಕಲಿತವರು ನಾಳೆ ಕೆರೆಯನ್ನೂ ಓದಬಲ್ಲರು.

ಕಾರಣ ತಿಳಿಯದಿದ್ದರೆ?

ಅದೇ ವರ್ಷ ಆಗಸ್ಟ್‌ನಲ್ಲಿ, ಜಿಟಿಜಿಟಿ ಮಳೆಯ ದಿನಗಳಲ್ಲಿ, ಎರಡು ಸೀಗಡಿಗಳು ಒಂದು ವಾರದ ಅಂತರದಲ್ಲಿ ಸತ್ತವು. ಮಕ್ಕಳು ಮತ್ತೆ ಪಟ್ಟಿ ಮಾಡಿದರು. ಉಷ್ಣತೆ 24. ಪಂಪು ನಡೆಯುತ್ತಿತ್ತು. ನೀರು ಬದಲಿಸಿರಲಿಲ್ಲ. ಬಿಳಿ ಉಂಗುರವೂ ಇರಲಿಲ್ಲ. ಮುಪ್ಪಿನಿಂದ ಸತ್ತಿರಬಹುದೇ? ತರುವಾಗಲೇ ಅವು ಬೆಳೆದ ಸೀಗಡಿಗಳು, ವಯಸ್ಸು ಯಾರಿಗೂ ಗೊತ್ತಿಲ್ಲ. ಕೊನೆಗೆ ನೋಟ್ ಪುಸ್ತಕದಲ್ಲಿ "ಕಾರಣ ತಿಳಿಯಲಿಲ್ಲ" ಎಂದು ಬರೆದರು. ಒಬ್ಬ ಹುಡುಗನಿಗೆ ಅದು ಸೋಲಿನಂತೆ ಕಂಡಿತು. "ಅಳಿಸಿ ಮುಪ್ಪು ಅಂತ ಬರೆಯಲಾ ಸಾರ್?" ಎಂದು ಕೇಳಿದ.

ಬೇಡ ಎಂದೆ. ಮಕ್ಕಳೇ, ನೀವೂ ಇದನ್ನು ನೆನಪಿಡಿ. ಹುಡುಕಿದ ಮೇಲೂ ಸಿಗದಿದ್ದಾಗ "ತಿಳಿಯಲಿಲ್ಲ" ಎಂದು ಬರೆಯುವುದು ವಿಜ್ಞಾನದಲ್ಲಿ ಮರ್ಯಾದೆಯ ಮಾತು. ಹುಡುಕದೆ ಒಂದು ಕಾರಣ ಅಂಟಿಸುವುದಕ್ಕೂ "ಕೈಗುಣ" ಎನ್ನುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಂದು ತಿಳಿಯದ ಸಾಲಿನ ಪಕ್ಕದಲ್ಲಿ ದಿನಾಂಕ, ಉಷ್ಣತೆ ಎಲ್ಲವೂ ಇದ್ದರೆ ಮುಂದೊಂದು ದಿನ ಇನ್ನೊಬ್ಬರಿಗೆ ಅದು ಸಹಾಯಕ್ಕೆ ಬರುತ್ತದೆ.

ದುಃಖವಾದರೆ ದುಃಖ ಪಡಿ. ಸಾಕಿದ ಪ್ರಾಣಿ ಸತ್ತಾಗ ಅಳು ಬರುವುದು ಸಹಜ, ಅದಕ್ಕೆ ನಾಚಿಕೆ ಬೇಡ. ಆದರೆ ಅಳು ನಿಂತ ಮೇಲೆ ಬದುಕಿರುವವನ್ನು ನೋಡಬೇಕು.

ನೀವೂ ಮಾಡಿ

1. ಮೀನು, ಸೀಗಡಿ, ಸಸಿ, ರೇಷ್ಮೆಹುಳು ಹೀಗೆ ಏನನ್ನೇ ಸಾಕುತ್ತಿದ್ದರೂ ಒಂದು ನೋಟ್ ಪುಸ್ತಕವಿಡಿ. ದಿನಾಂಕ, ಹೊತ್ತು, ಉಷ್ಣತೆ, ಸಂಖ್ಯೆ, ಕೊಟ್ಟ ಆಹಾರ, ಸುತ್ತಮುತ್ತ ಆದ ಬದಲಾವಣೆ ಬರೆಯಿರಿ.

2. ಪ್ರಾಣಿ ಸತ್ತರೆ ಕೂಡಲೇ ಹೊರತೆಗೆಯಿರಿ, ಕೊಳೆತರೆ ನೀರು ಕೆಡುತ್ತದೆ. ಗಿಡದ ಬುಡದಲ್ಲಿ ಹೂತು, ಸಾಬೂನಿನಿಂದ ಕೈ ತೊಳೆಯಿರಿ.

3. ಹೆದರಿ ಒಮ್ಮೆಲೇ ಎಲ್ಲ ನೀರು ಬದಲಿಸಬೇಡಿ. ಹಿಂದಿನ ದಿನ ತೆರೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುತ್ತದೆ. ಪ್ರಾಣಕ್ಕೇ ಅಪಾಯವಿದ್ದಾಗ ಮಾತ್ರ ಬೇಕಾದ ಎಲ್ಲವನ್ನೂ ಒಟ್ಟಿಗೆ ಮಾಡಿ.

4. ಸಾಕಲು ಬೇಸರವಾಯಿತೆಂದು ಚೆರ್ರಿ ಸೀಗಡಿಗಳನ್ನು ಕೆರೆಗೋ ಬಾವಿಗೋ ಬಿಡಬೇಡಿ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬೆಚ್ಚಗಿನ ನೀರು ಸೇರುವ ಒಂದು ತೊರೆಯಲ್ಲಿ ಇವು ನೆಲೆಯೂರಿವೆ. ನಮ್ಮ ಹಳ್ಳಕೊಳ್ಳಗಳಲ್ಲಿ ನಮ್ಮವೇ ಆದ ಪುಟ್ಟ ಸೀಗಡಿಗಳಿವೆ. ಅವುಗಳ ಆಹಾರಕ್ಕೆ ಹೊರಗಿನವು ಪಾಲುದಾರರಾಗುವುದು ಬೇಡ.

ಕೊನೆಗೊಂದು ಪ್ರಶ್ನೆ. ಗಿಡಗಳಿಲ್ಲದ ತೊಟ್ಟಿಯಲ್ಲಿ ಕರೆಂಟು ಹೋದರೆ ಆಮ್ಲಜನಕದ ಸ್ಥಿತಿ ಹಗಲಿನಲ್ಲಿ ಹೇಗಿರುತ್ತದೆ, ರಾತ್ರಿ ಹೇಗಿರುತ್ತದೆ? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಉತ್ತರವನ್ನೂ ಅದಕ್ಕೆ ಕಾರಣವನ್ನೂ ವಿಜ್ಞಾನ ಶಿಕ್ಷಕರಿಗೆ ಹೇಳಿ.